ರೋಲ್ ಬದಲಿಸಲು ಸಾವ್ಕಾರ್ರನ್ನು ಒಪ್ಪಿಸುವ ಬಗೆ

ಗಂಗಾವತಿ, ಕಾರಟಗಿ ಕಡೆಯ ರೈಸ್‌ಮಿಲ್ಲಿನಲ್ಲಿ ಸೂಪರ್‌ವೈಸರ್ ಆದವರಿಗೆ ಯಂತ್ರದ ಕೆಲಸ ಬೇಗ ಕೈಗೆ ಹತ್ತುತ್ತದೆ. ಖರ್ಚಿನ ಮಾತಿಗೆ ಸಾವ್ಕಾರ್ರನ್ನು ಒಪ್ಪಿಸುವುದೇ ಕಷ್ಟ. ಭತ್ತದ ಹೊಟ್ಟು ಸುಲಿಯುವ ಯಂತ್ರ ಶೆಲ್ಲರ್, ಅದರ ಜೋಡಿ ರಬ್ಬರ್ ರೋಲ್ ಸವೆದಿವೆ ಎಂದುಕೊಳ್ಳಿ. "ರೋಲ್ ಹೋಗ್ಯಾವ್ರಿ, ಹೊಸಾವು ತರಿಸ್ರಿ" ಎಂದರೆ ಅವರಿಗೆ ಕೇಳಿಸುವುದು ಖರ್ಚು ಮಾತ್ರ. ನುಚ್ಚಾಗಿ ಹೋಗುತ್ತಿರುವ ದುಡ್ಡನ್ನು ಅವರ ಕಣ್ಣಿಗೆ ತೋರಿಸಬೇಕು.

ಮೊದಲು ಆಪರೇಟರ್ ಹತ್ತಿರ ಹೋಗಿ. ರೋಲ್ ಸವೆದರೆ ಭತ್ತ ಸುಲಿಯದೆ ಉಳಿಯುತ್ತದೆ, ಆತ ಒತ್ತಡ ಏರಿಸುತ್ತಾನೆ, ಕಾಳು ಒಡೆಯುತ್ತದೆ. ತಪ್ಪು ಆತನದಲ್ಲ, ಇದನ್ನು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ದೂರು ತನ್ನ ಮೇಲೆ ಬರುತ್ತದೆಂದು ಹೆದರಿ, "ಇನ್ನೊಂದು ವಾರ ಓಡ್ತಾವ್ರಿ" ಎಂದು ಸಾವ್ಕಾರ್ರ ಎದುರು ಆತನೇ ಅಡ್ಡ ಬರುತ್ತಾನೆ.

ಆಮೇಲೆ ತೂಕ. ಸವೆದ ರೋಲಿನ ಶೆಲ್ಲರ್ ಬಾಯಿಂದ 100 ಗ್ರಾಂ ಸುಲಿದ ಅಕ್ಕಿ, ಹೊಸ ರೋಲಿರುವ ಶೆಲ್ಲರಿನಿಂದ ಇನ್ನೊಂದು 100 ಗ್ರಾಂ ಹಿಡಿಯಿರಿ. ಎರಡಕ್ಕೂ ಒಂದೇ ರಾಶಿಯ ಭತ್ತ, ಒಂದೇ ತೇವಾಂಶ ಇರಲೇಬೇಕು. ಇದೊಂದು ತಪ್ಪಿದರೆ "ಭತ್ತಾನ ಹಂಗೈತಿ" ಎಂಬ ಒಂದೇ ಮಾತಿಗೆ ನಿಮ್ಮ ಲೆಕ್ಕ ಬಿದ್ದುಹೋಗುತ್ತದೆ. ಪಾಲಿಶರ್ ದಾಟಿದ ಅಕ್ಕಿ ಬೇಡ, ಅಲ್ಲಿಯೂ ಕಾಳು ಒಡೆಯುತ್ತದೆ. ಇಡೀ ಕಾಳಿನ ಮುಕ್ಕಾಲಿಗಿಂತ ಗಿಡ್ಡ ಇರುವುದನ್ನೆಲ್ಲ ಆರಿಸಿ ತೂಗಿ, ಬೇರೆ ಬೇರೆ ಪೊಟ್ಟಣ ಕಟ್ಟಿ. ಒಂದೇ ಶೆಲ್ಲರ್ ಇದ್ದರೆ ಹೊಸ ರೋಲ್ ಹಾಕಿದ ದಿನವೇ ತೂಗಿ ಬರೆದಿಟ್ಟುಕೊಳ್ಳಿ. ಆ ಅಂಕಿ ಮುಂದಿನ ಸಲ ಕೆಲಸಕ್ಕೆ ಬರುತ್ತದೆ, ಆದರೆ ಭತ್ತದ ತಳಿ, ತೇವಾಂಶವನ್ನೂ ಜೊತೆಗೆ ಬರೆಯಿರಿ.

ಲೆಕ್ಕ ಒಂದು ಚೀಟಿ ಮೀರಬಾರದು. ಉದಾಹರಣೆಗೆ, ನುಚ್ಚಿನ ವ್ಯತ್ಯಾಸ 3 ಗ್ರಾಂ ಬಂತು, ದಿನಕ್ಕೆ 100 ಕ್ವಿಂಟಲ್ ಅಕ್ಕಿ ಇಳಿಯುತ್ತದೆ ಎಂದರೆ 3 ಕ್ವಿಂಟಲ್ ನುಚ್ಚು ಹೆಚ್ಚಿಗೆ. ಅಕ್ಕಿಗೂ ನುಚ್ಚಿಗೂ ಕ್ವಿಂಟಲ್‌ಗೆ 1,500 ರೂಪಾಯಿ ಅಂತರವಿದ್ದರೆ ದಿನಕ್ಕೆ 4,500 ರೂಪಾಯಿ. ದರವನ್ನು ನೀವೇ ಊಹಿಸಬೇಡಿ, ಗುಮಾಸ್ತರಿಂದ ಅವತ್ತಿನದನ್ನೇ ಕೇಳಿ ಬರೆಯಿರಿ. ಚೀಟಿ ಅವರ ಕೈಯಿಂದ ದಾಟಿದ್ದರೆ ಸಾವ್ಕಾರ್ರು ನಂಬುವುದು ಬೇಗ.

ಲಾರಿ ಸಾಲು ನಿಂತಾಗ, ದಲ್ಲಾಳಿಗಳು ಕೂತಾಗ ಹೋಗಬೇಡಿ. ನಾಲ್ಕು ಜನರ ಮುಂದೆ "ಬ್ಯಾಡ" ಅಂದವರಿಗೆ ಆ ಮಾತು ಹಿಂದಕ್ಕೆ ತಗೊಳ್ಳುವುದು ಕಷ್ಟ. ಒಬ್ಬರೇ ಇದ್ದಾಗ ಪೊಟ್ಟಣ ಎರಡನ್ನೂ ಬಿಚ್ಚಿ ಮುಂದಿಟ್ಟು, ಅವರು ಕಾಳು ಕೈಗೆ ಎತ್ತಿಕೊಳ್ಳುವವರೆಗೆ ಸುಮ್ಮನಿರಿ. ಇಲ್ಲಿ ಅವಸರಪಟ್ಟು ಮಾತಾಡಿಯೇ ಬಹಳ ಜನ ಕೆಲಸ ಕೆಡಿಸಿಕೊಳ್ಳುತ್ತಾರೆ.

"ಇಷ್ಟು ಲಗೂನ ಹ್ಯಾಂಗ ಸವೀತು?" ಎಂದು ಕೇಳೇ ಕೇಳುತ್ತಾರೆ. ಜೋಡಿಯಲ್ಲಿ ಜೋರಾಗಿ ತಿರುಗುವ ರೋಲ್ ಮೊದಲು ಸವೆಯುತ್ತದೆ, ಎರಡನ್ನೂ ಆಗಾಗ ಅದಲುಬದಲು ಮಾಡಿದರೆ ಸಮ ಸವೆಯುತ್ತವೆ. ಅದಲುಬದಲು ತಪ್ಪಿಹೋಗಿದ್ದರೆ ಮುಚ್ಚಿಡದೆ ಒಪ್ಪಿಕೊಳ್ಳಿ. "ನೋಡೂಣು ಬಿಡು" ಎಂದರೆ ವಾದಕ್ಕಿಳಿಯದೆ, "ಒಂದs ಜೋಡಿ ತರಿಸ್ರಿ, ವಾರ ಬಿಟ್ಟು ಮತ್ತೆ ತೂಗಿ ತೋರಸ್ತೀನ್ರಿ" ಎನ್ನಿ.

ವಾರ ತುಂಬಿದ ದಿನ ಅವರು ಕರೆಯುವ ಮೊದಲೇ ಹೊಸ ಪೊಟ್ಟಣದೊಂದಿಗೆ ಹೋಗಿ. ಉಳಿತಾಯ ನೀವು ಹೇಳಿದ್ದಕ್ಕಿಂತ ಕಡಿಮೆ ಬಂದಿದ್ದರೆ, ಚೀಟಿಯಲ್ಲಿ ಆ ಅಂಕಿಯನ್ನೇ ಮೊದಲು ಬರೆಯಿರಿ.