"ನಾರ್ಮಲ್ ಸಾರ್": ಹೊಸ ಆಟೊಮ್ಯಾಟಿಕ್ ಕಾರಿನ ಜೊತೆ ನನ್ನ 14 ತಿಂಗಳು

ನನ್ನ ಎಡ ಮೊಣಕಾಲು ನೆಟ್ಟಗಿದ್ದಿದ್ದರೆ ಆಟೊಮ್ಯಾಟಿಕ್ ಕಾರಿನ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ದಾವಣಗೆರೆಯಲ್ಲಿ ಬೋರ್‌ವೆಲ್ ಮೋಟರ್, ಪಂಪು, ಪೈಪು ಮಾರುವ ಅಂಗಡಿ ನಮ್ಮದು. ವಾರಕ್ಕೆ ಎರಡು ಸಲ ಚಿತ್ರದುರ್ಗ, ಆಗಾಗ ಹಿರಿಯೂರು, ನಡುನಡುವೆ ಚನ್ನಗಿರಿ ಕಡೆಯ ಅಡಿಕೆ ತೋಟಗಳು. ಇಪ್ಪತ್ತು ವರ್ಷ ಗೇರ್ ಕಾರನ್ನೇ ಓಡಿಸಿದ್ದೆ. ಮಂಡಿಪೇಟೆಯ ಸಂದಿಗಳಲ್ಲಿ ಕ್ಲಚ್ ತುಳಿದು ತುಳಿದು ಕಾಲು ಹಿಡಿದುಕೊಂಡಾಗ ಡಾಕ್ಟರು "ಕ್ಲಚ್ ತುಳಿಯೋದು ಕಮ್ಮಿ ಮಾಡ್ರಿ" ಅಂದರು. ಕಮ್ಮಿ ಯಾಕೆ, ಪೂರ್ತಿ ಬಿಟ್ಟೇಬಿಡೋಣ ಅಂತ ಆಟೊಮ್ಯಾಟಿಕ್ ಬುಕ್ ಮಾಡಿದೆ. ಏಳು ಗೇರು, ಎರಡು ಕ್ಲಚ್ಚು, ಅದೂ ಡ್ರೈ ಕ್ಲಚ್ಚು. ಡ್ರೈ ಅಂದರೆ ಏನು ಅಂತ ಶೋರೂಮಿನಲ್ಲಿ ನಾನು ಕೇಳಲೇ ಇಲ್ಲ. ಮೋಟರ್ ಮಾರುವವನು, ಕೇಳಬೇಕಿತ್ತು.

ಟೆಸ್ಟ್ ಡ್ರೈವ್ ಅಂತ ಬೆಳಗ್ಗೆ 8 ಗಂಟೆಗೆ ಹೈವೇಗೆ ಕರೆದುಕೊಂಡು ಹೋದರು. ಬಿಸಿ ದೋಸೆ ಮೇಲೆ ಬೆಣ್ಣೆ ಜಾರಿದ ಹಾಗೆ ಹೋಯಿತು ಗಾಡಿ. ಗೇರ್ ಬದಲಾಗಿದ್ದೇ ಗೊತ್ತಾಗಲಿಲ್ಲ. ಈಗ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದೇ: ಟೆಸ್ಟ್ ಡ್ರೈವನ್ನು ಸಂಜೆ ಆರೂವರೆಗೆ ಇಟ್ಟುಕೊಳ್ಳಿ, ಊರೊಳಗೆ ತಗೊಂಡು ಹೋಗಿ, ಅರ್ಧ ಗಂಟೆಗಿಂತ ಕಮ್ಮಿ ಓಡಿಸಬೇಡಿ. ಹೈವೇನಲ್ಲಿ ಯಾವ ಗೇರ್‌ಬಾಕ್ಸೂ ಕೆಟ್ಟದಾಗಿ ಕಾಣಲ್ಲ.

900 ಕಿಲೋಮೀಟರ್ ಹೊತ್ತಿಗೆ ಶುರುವಾಯಿತು. ಮೊದಲು ಸಣ್ಣ ಜರ್ಕ್. ಹಂಪ್ ಹತ್ತಿರ ನಿಧಾನ ಮಾಡಿ ಮತ್ತೆ ಕಾಲು ಒತ್ತಿದರೆ ಯಾರೋ ಹಿಂದಿನಿಂದ ಮೆತ್ತಗೆ ಗುದ್ದಿದ ಹಾಗೆ. ಹೊಸ ಗಾಡಿ, ಇನ್ನೂ ಪಳಗಬೇಕು ಅಂದುಕೊಂಡೆ. ಆಮೇಲೆ ಮನೆ ಮುಂದಿನ ಇಳಿಜಾರಿನಲ್ಲಿ ರಿವರ್ಸ್ ಹಾಕಿದರೆ ಮೊದಲು ಸುಮ್ಮನಿರುತ್ತಿತ್ತು, ಆಮೇಲೆ ಒಮ್ಮೆಲೇ ಹಾರುತ್ತಿತ್ತು. ಪಕ್ಕದ ಮನೆಯವರ ಕಾಂಪೌಂಡ್ ಗೋಡೆಗೆ ಒಂದು ಗೇಣು ಬಾಕಿ ಇದ್ದಾಗ ನಿಂತದ್ದೂ ಉಂಟು. ಇವೆರಡನ್ನೂ ಸಹಿಸಬಹುದು. ಸಹಿಸಲಾಗದ್ದು ಬಾಡಾ ಕ್ರಾಸ್ ಕಡೆ ಆಗಿದ್ದು. ನಿಧಾನಕ್ಕೆ ಉರುಳುತ್ತಾ ಬಂದು, ಲಾರಿ ದೂರ ಇದೆ ಅಂತ ನೋಡಿ ಆಕ್ಸಿಲರೇಟರ್ ಒತ್ತಿದೆ. ಗಾಡಿ ಹೋಗಲಿಲ್ಲ. ಇಂಜಿನ್ ಸದ್ದು ಮಾಡಿತು, ಚಕ್ರ ತಿರುಗಲಿಲ್ಲ. ಒಂದು ಸೆಕೆಂಡೋ ಒಂದೂವರೆಯೋ ಇರಬೇಕು. ಲಾರಿಯವನ ಹಾರ್ನ್ ಇನ್ನೂ ಕಿವಿಯಲ್ಲಿದೆ.

ಅವತ್ತು ರಾತ್ರಿ ಈ ಗೇರ್‌ಬಾಕ್ಸ್ ಒಳಗೆ ಏನು ನಡೆಯುತ್ತದೆ ಅಂತ ಓದೋಕೆ ಕೂತೆ. ವಿಷಯ ತುಂಬಾ ಸರಳ. 1, 3, 5, 7ನೇ ಗೇರು ಒಂದು ಕ್ಲಚ್ಚಿಗೆ, 2, 4, 6 ಇನ್ನೊಂದಕ್ಕೆ. ನೀವು ಎರಡರಲ್ಲಿ ಹೋಗುವಾಗ ಅದು ಮೂರನ್ನೋ ಒಂದನ್ನೋ ಮೊದಲೇ ಹಾಕಿಟ್ಟು ಕಾಯುತ್ತಿರುತ್ತದೆ. ಅದರ ಲೆಕ್ಕ ಸರಿಯಿದ್ದರೆ ಕ್ಷಣದಲ್ಲಿ ಗೇರ್ ಬದಲು. ಲೆಕ್ಕ ತಪ್ಪಿದರೆ ಹಾಕಿದ್ದನ್ನು ತೆಗೆದು ಬೇರೆ ಹಾಕಬೇಕು. ಬಾಡಾ ಕ್ರಾಸಿನಲ್ಲಿ ಆದದ್ದು ಅದೇ. ನಾನು ನಿಧಾನ ಮಾಡಿದೆ, ಅದು ನಿಲ್ಲಿಸುತ್ತಾನೆ ಅಂದುಕೊಂಡಿತು, ನಾನು ನುಗ್ಗಿದೆ.

ಇನ್ನು ಡ್ರೈ. ವೆಟ್ ಕ್ಲಚ್ಚಿನಲ್ಲಿ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಬಿಸಿಯನ್ನು ಎಣ್ಣೆ ಎಳೆದುಕೊಳ್ಳುತ್ತದೆ. ಡ್ರೈನಲ್ಲಿ ಎಣ್ಣೆ ಇಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಇದನ್ನು ಓದಿದ ತಕ್ಷಣ ನನಗೆ ನಗು ಬಂತು. ಬೋರಿನೊಳಗಿನ ಮೋಟರ್ ತಣ್ಣಗಿರುವುದು ಸುತ್ತಲಿನ ನೀರಿನಿಂದ. ನೀರು ಕೆಳಗೆ ಹೋಗಿ ಮೋಟರ್ ಬರಿದೇ ಓಡಿದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಅದಕ್ಕೇ ಪ್ಯಾನಲ್ ಬೋರ್ಡಿಗೆ ಡ್ರೈ ರನ್ ಪ್ರೊಟೆಕ್ಷನ್ ಹಾಕಿಸಿ ಅಂತ ದಿನಾ ರೈತರಿಗೆ ಹೇಳುವವನು ನಾನು. ನಾನೇ ದುಡ್ಡು ಕೊಟ್ಟು ಎಣ್ಣೆಯಿಲ್ಲದ ಕ್ಲಚ್ಚು ತಂದಿದ್ದೆ, ಅದೂ ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುವ ಊರಿಗೆ.

ದುಗ್ಗಮ್ಮನ ಜಾತ್ರೆ ನಮ್ಮಲ್ಲಿ 2 ವರ್ಷಕ್ಕೊಮ್ಮೆ. ಅವ್ವ ದೇವಿಗೆ ಉಡಿ ತುಂಬಬೇಕಿತ್ತು. ಜಾತ್ರೆ ದಿನ ಗಾಡಿ ಬಿಡಲ್ಲ ಅಂತ ನಾಲ್ಕು ದಿನ ಮೊದಲೇ ಹೊರಟೆವು. ಊರಿಗೂರೇ ಹಾಗೇ ಯೋಚನೆ ಮಾಡಿತ್ತು ಅಂತ ಕಾಣುತ್ತದೆ. ಚಾಮರಾಜಪೇಟೆ ಸರ್ಕಲ್‌ನಿಂದ ಮುಂದಕ್ಕೆ ಮುಕ್ಕಾಲು ಗಂಟೆ ಇಂಚು ಇಂಚಾಗಿ ಹೋದೆವು. ಎಸಿ ಫುಲ್, ಬ್ರೇಕ್ ಅರ್ಧ ಬಿಡುವುದು, ಒತ್ತುವುದು, ಬಿಡುವುದು. ಮೀಟರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಅಂತ ಬಂತು. ಎಲ್ಲಿ ನಿಲ್ಲಿಸೋದು? ಹಿಂದೆ ಆಟೊ, ಮುಂದೆ ಕಬ್ಬಿನಹಾಲಿನ ಗಾಡಿ. ಅದೇ ನಿಂತುಕೊಂಡಿತು. ನ್ಯೂಟ್ರಲ್ ಮಾಡಿ, ಇಬ್ಬರು ಹುಡುಗರು ತಳ್ಳಿ, ಒಂದು ಬಟ್ಟೆ ಅಂಗಡಿ ಮುಂದೆ ಹಚ್ಚಿದೆವು. ಅಲ್ಲಿ ನೆರೆದವರಲ್ಲಿ ಒಬ್ಬರು ಬ್ಯಾಟರಿ ಅಂದರು, ಒಬ್ಬರು ಪೆಟ್ರೋಲ್ ಅಂದರು, ಒಬ್ಬರು ಬಾನೆಟ್ ಮೇಲೆ ನೀರು ಹಾಕ್ರಿ ಅಂದರು. ಅವ್ವ ಮಾತ್ರ ಉಡಿ ಸಾಮಾನಿನ ಚೀಲ ಎತ್ತಿಕೊಂಡು, "ಅಮ್ಮನೇ ನಡಕೊಂಡು ಬಾ ಅಂತಾಳೆ, ನಡಿ" ಅಂತ ಇಳಿದುಬಿಟ್ಟರು. ಇಪ್ಪತ್ತೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಹೊರಟಿತು. ಇದೇ ಅದರ ದೊಡ್ಡ ಕಾಟ. ತಣ್ಣಗಾದ ಮೇಲೆ ಸಾಕ್ಷಿ ಉಳಿಯಲ್ಲ.

ಸರ್ವೀಸ್ ಸೆಂಟರಿಗೆ ಮೊದಲ ಸಲ ಹೋದಾಗ ಅಡ್ವೈಸರ್ ಹುಡುಗ ಎರಡು ಸುತ್ತು ಹಾಕಿ ಬಂದು "ನಾರ್ಮಲ್ ಸಾರ್, ಈ ಗಾಡಿ ಹಿಂಗೇ ಇರುತ್ತೆ" ಅಂದ. ಎರಡನೇ ಸಲ ಸ್ಕ್ಯಾನರ್ ಹಾಕಿದರು, ದೋಷ ತೋರಿಸುವ ಕೋಡ್ ಏನೂ ಇಲ್ಲ ಅಂದರು. ಆಮೇಲೆ ನನ್ನನ್ನೇ ನೋಡಿ, "ಸಾರ್, ನಿಮ್ಮ ಡ್ರೈವಿಂಗ್ ಸ್ಟೈಲ್ ಸ್ವಲ್ಪ ಚೇಂಜ್ ಮಾಡ್ಕೋಬೇಕು" ಅಂದ. ಸಿಟ್ಟು ನೆತ್ತಿಗೇರಿತು. ಮನೆಗೆ ಬರುವ ದಾರಿಯಲ್ಲಿ ಮಾತ್ರ ಒಂದು ವಿಷಯ ಚುಚ್ಚುತ್ತಿತ್ತು. ನನ್ನ ಅಂಗಡಿಗೆ ಸುಟ್ಟ ಮೋಟರ್ ತಂದ ರೈತರಿಗೆ ನಾನು ಎಷ್ಟು ಸಲ "ವೋಲ್ಟೇಜ್ ಪ್ರಾಬ್ಲಂ ಅಣ್ಣಾ, ವಾರಂಟಿ ಬರಲ್ಲ" ಅಂದಿದ್ದೇನೋ. ಪ್ಯಾನಲ್ ನೋಡದೆ, ಬೋರಿನ ನೀರು ಕೇಳದೆ, ಕೌಂಟರ್ ಹಿಂದೆ ಕೂತುಕೊಂಡೇ.

ಹಾಗಾಗಿ ಕೌಂಟರ್ ಹಿಂದಿನವನಿಗೆ ಏನು ಕೊಟ್ಟರೆ ಬಾಯಿ ಮುಚ್ಚುತ್ತಾನೆ ಅಂತ ನನಗೆ ಗೊತ್ತಿತ್ತು. ಬರೆದಿಟ್ಟದ್ದು. ಅಂಗಡಿಯ ಹಳೆ ಬಿಲ್ ಬುಕ್ಕಿನ ಹಿಂಭಾಗದಲ್ಲಿ ಬರೆಯೋಕೆ ಶುರು ಮಾಡಿದೆ: ತಾರೀಕು, ಮೀಟರ್ ಕಿಲೋಮೀಟರ್, ಗಾಡಿ ಎಷ್ಟು ಹೊತ್ತು ಓಡಿದ ಮೇಲೆ ಆಯಿತು, ಯಾವ ಗೇರಿನಿಂದ ಯಾವ ಗೇರಿಗೆ, ಎಸಿ ಇತ್ತಾ, ಏರಾ ಸಮನಾ. ಪಕ್ಕದಲ್ಲಿ ಕೂತ ಮನೆಯವಳು ಫೋನಿನಲ್ಲಿ ಮೀಟರಿನ ವಿಡಿಯೊ ಹಿಡಿಯುತ್ತಿದ್ದಳು. ನಾನು ಓಡಿಸುತ್ತಾ ಹಿಡಿಯಲಿಲ್ಲ, ನೀವೂ ಹಿಡಿಯಬೇಡಿ. ನಾಲ್ಕು ವಾರಕ್ಕೆ 31 ಸಲ ಬರೆದಿದ್ದೆ. ಅದರಲ್ಲಿ 26 ಸಲ ಜರ್ಕ್ ಬಂದದ್ದು ಊರೊಳಗೆ ಇಪ್ಪತ್ತು ನಿಮಿಷ ಓಡಿದ ಮೇಲೆ, ಅದೂ ಎರಡರಿಂದ ಒಂದಕ್ಕೆ ಇಳಿಯುವಾಗ. ತಣ್ಣಗಿದ್ದಾಗ ಏನೂ ಇಲ್ಲ. ಸರ್ವೀಸ್ ಸೆಂಟರಿನವರು ಟೆಸ್ಟ್ ಮಾಡುತ್ತಿದ್ದದ್ದು ಯಾವಾಗ? ರಾತ್ರಿಯೆಲ್ಲಾ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಬೆಳಗ್ಗೆ ಹತ್ತು ನಿಮಿಷ. ಸಿಗೋದಾದರೂ ಹೇಗೆ?

ಮೂರನೇ ಸಲ ಹೋಗುವ ಮುಂಚೆ ಫೋನ್ ಮಾಡಿ, ನನಗೆ ಅಡ್ವೈಸರ್ ಬೇಡ, ಗೇರ್‌ಬಾಕ್ಸ್ ಕೆಲಸ ಮಾಡುವ ಟೆಕ್ನಿಷಿಯನ್ ಬೇಕು, ಸಂಜೆ ಬರುತ್ತೇನೆ ಅಂದೆ. ಗಾಡಿಯನ್ನು ಪಿ.ಬಿ. ರಸ್ತೆ, ಗಾಂಧಿ ಸರ್ಕಲ್, ಮತ್ತೆ ಪೇಟೆ ಅಂತ ಅರ್ಧ ಗಂಟೆ ಸುತ್ತಿಸಿ, ಬಿಸಿ ಬಿಸಿ ಇರುವಾಗಲೇ ಅವರನ್ನು ಕೂರಿಸಿಕೊಂಡು ಹೊರಟೆ. ಎರಡನೇ ಹಂಪಿನಲ್ಲೇ ಅವರ ತಲೆ ಮುಂದಕ್ಕೆ ಬಾಗಿತು. "ಇದು ನಾರ್ಮಲ್ ಅಲ್ಲ ಬಿಡ್ರಿ" ಅಂದರು. ಐದು ತಿಂಗಳಲ್ಲಿ ಕೇಳಿದ ಮೊದಲ ಒಳ್ಳೆ ಮಾತು ಅದು.

ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಅಂತ ಬರೆಯುತ್ತಿದ್ದರು, ನಾನು ಒಪ್ಪಲಿಲ್ಲ. ನನ್ನ ಮಾತಿನಲ್ಲೇ ಬರೆಸಿದೆ: ಬಿಸಿಯಾದ ಮೇಲೆ ಎರಡರಿಂದ ಒಂದಕ್ಕೆ ಇಳಿಯುವಾಗ ಜರ್ಕ್. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಮುಂದೆ ಎಲ್ಲದಕ್ಕೂ ಆಧಾರವಾಗಿದ್ದು ಆ ಸಾಲೇ. ಮೊದಲು ಗೇರ್‌ಬಾಕ್ಸಿನ ಸಾಫ್ಟ್‌ವೇರ್ ಬದಲಾಯಿಸಿ, ಕ್ಲಚ್ ಅಡಾಪ್ಟೇಶನ್ ಮಾಡಿದರು. ಪ್ಲೇಟ್ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಅನ್ನೋದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು, ಅಷ್ಟೇ. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಗುದ್ದು.

ಆಗ ಕ್ಲಚ್ ಸೆಟ್ ಬದಲಾಯಿಸಬೇಕು ಅಂದರು. ಜೊತೆಗೆ, ಕ್ಲಚ್ಚು ಸವೆಯುವ ಭಾಗ ಸಾರ್, ವಾರಂಟಿಗೆ ಬರಲ್ಲ ಅಂತಲೂ ಅಂದರು. ಗಾಡಿ ಆಗ 9,200 ಓಡಿತ್ತು. ಕಿರುಚಾಡಲಿಲ್ಲ. ಕಂಪನಿಗೆ ಒಂದು ಮೇಲ್ ಬರೆದೆ, ಎಲ್ಲಾ ಜಾಬ್ ಕಾರ್ಡು, ನನ್ನ ಬಿಲ್ ಬುಕ್ಕಿನ ಹಾಳೆಗಳ ಫೋಟೊ, ವಿಡಿಯೊ ಸೇರಿಸಿ. ಮೊದಲ ದೂರು 900 ಕಿಲೋಮೀಟರಿಗೇ ಶುರುವಾದದ್ದು, ಅಷ್ಟರಲ್ಲಿ ಸವೆದಿದ್ದರೆ ಅದು ಸವೆತ ಅಲ್ಲ, ದೋಷ ಅಂತ ಬರೆದೆ. ಕೊನೆಗೆ ಒಂದು ಸಾಲು, ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ ಅಂತ. ಸುಮ್ನೆ ಹೆದರಿಸೋಕೆ ಹೇಳಿದ್ದಲ್ಲ, ಪರಿಚಯದ ವಕೀಲರೊಬ್ಬರನ್ನು ಕೇಳಿಯೇ ಬರೆದಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಎಲ್ಲೇ ಇರಲಿ, ನಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, 50 ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ, ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಆಯೋಗದ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲ. ಹನ್ನೊಂದನೇ ದಿನ ವಾರಂಟಿಯಲ್ಲೇ ಮಾಡಿಕೊಡುತ್ತೇವೆ ಅಂತ ಫೋನ್ ಬಂತು. ಪಾರ್ಟ್ಸ್ ಬರೋಕೆ, ಕೂರಿಸೋಕೆ ಒಟ್ಟು 19 ದಿನ. ಅಷ್ಟು ದಿನ ತಮ್ಮನ ಹಳೇ ಗೇರ್ ಕಾರು, ಮತ್ತೆ ಮೊಣಕಾಲು ನೋವು.

ಈಗ ಹೇಗಿದೆ ಅಂದರೆ, ಮುಕ್ಕಾಲು ಪಾಲು ಸರಿ. ಗುದ್ದು ಹೋಯಿತು. ಸಣ್ಣ ತಡವರಿಕೆ ಉಳಿದಿದೆ, ಅದು ಈ ಜಾತಿಯ ಗೇರ್‌ಬಾಕ್ಸಿನ ಸ್ವಭಾವ ಅಂತ ಒಪ್ಪಿಕೊಂಡಿದ್ದೇನೆ. ಆ ಹುಡುಗ ಡ್ರೈವಿಂಗ್ ಸ್ಟೈಲ್ ಅಂದದ್ದೂ ಪೂರ್ತಿ ಸುಳ್ಳಲ್ಲ, ಹೇಳಿದ ಹೊತ್ತು ಸರಿಯಿರಲಿಲ್ಲ ಅಷ್ಟೇ. ನಾನು ಮಾಡುತ್ತಿದ್ದ ದೊಡ್ಡ ತಪ್ಪು ಬ್ರೇಕನ್ನು ಅರ್ಧ ಬಿಟ್ಟುಕೊಂಡು ತೆವಳುವುದು. ಬ್ರೇಕ್ ಗಟ್ಟಿಯಾಗಿ ಒತ್ತಿದ್ದರೆ ಕ್ಲಚ್ಚು ಪೂರ್ತಿ ಬಿಟ್ಟಿರುತ್ತದೆ, ಅರ್ಧ ಒತ್ತಿದರೆ ಅರ್ಧ ಹಿಡಿದು ಉಜ್ಜುತ್ತಾ ಇರುತ್ತದೆ. ಅದಕ್ಕೆ ಈಗ ಟ್ರಾಫಿಕ್‌ನಲ್ಲಿ ಮುಂದಿನ ಗಾಡಿ ಒಂದೆರಡು ಮಾರು ಹೋಗುವವರೆಗೆ ನಿಂತೇ ಇರುತ್ತೇನೆ, ಆಮೇಲೆ ಒಂದೇ ಸಲ ಹೋಗಿ ಮತ್ತೆ ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಆ ಸಂದಿಗೆ ಒಂದು ಸ್ಕೂಟಿ ನುಗ್ಗುತ್ತದೆ, ಅದಕ್ಕೆ ಮದ್ದಿಲ್ಲ. ಪೇಟೆಯೊಳಗೆ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದನೇ ಗೇರಿನಲ್ಲೇ ಇಟ್ಟರೆ ಒಂದು-ಎರಡು, ಎರಡು-ಒಂದು ಅಂತ ಒದ್ದಾಡಲ್ಲ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಗಾಡಿ ಹಿಡಿಯುವ ಹಳೇ ಚಾಳಿಯನ್ನು ಪೂರ್ತಿ ಬಿಟ್ಟೆ, ತಾನೇ ಬ್ರೇಕ್ ಹಿಡಿದುಕೊಳ್ಳುವ ಆಟೊ ಹೋಲ್ಡ್ ಇಲ್ಲವೇ ಹ್ಯಾಂಡ್ ಬ್ರೇಕ್. ಬಾಡಾ ಕ್ರಾಸಿನಂಥ ಕಡೆ ಉರುಳುತ್ತಾ ಹೋಗಿ ನುಗ್ಗುವುದಿಲ್ಲ. ಪೂರ್ತಿ ನಿಲ್ಲಿಸುತ್ತೇನೆ, ಒಂದನೇ ಗೇರ್ ಬಿದ್ದದ್ದನ್ನು ಮೀಟರಿನಲ್ಲಿ ನೋಡುತ್ತೇನೆ, ಆಮೇಲೆ ಹೊರಡುತ್ತೇನೆ.

ಹೊಸ ಕ್ಲಚ್ಚು ಹಾಕಿದ ಮೇಲೆ ಚಿತ್ರದುರ್ಗದ ಜೋಗಿಮಟ್ಟಿ ಹತ್ತಿಸಿ ನೋಡಿದೆ. ಬೆಳಗ್ಗೆ ಬೇಗ, ತಣ್ಣನೆ ಗಾಳಿ. ಹತ್ತುವಾಗ ಒಂದು ಮಾತೂ ಆಡಲಿಲ್ಲ ಗಾಡಿ. ಇಳಿಯುವಾಗ ಡಿ (ಡ್ರೈವ್) ನಲ್ಲೇ ಬಿಟ್ಟರೆ ಮೇಲಿನ ಗೇರಿಗೆ ಹೋಗಿ ಓಡೋಕೆ ನೋಡುತ್ತದೆ, ಬ್ರೇಕ್ ಸುಟ್ಟ ವಾಸನೆ ಬರುತ್ತದೆ. ಎರಡರಲ್ಲಿ ಕಟ್ಟಿಹಾಕಿ ಇಳಿಸಿದೆ. ಹೈವೇನಲ್ಲಂತೂ ಈ ಗೇರ್‌ಬಾಕ್ಸಿಗೆ ಸಾಟಿಯಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. ಹೆಬ್ಬಾಳು ಟೋಲ್ ದಾಟಿ ಒತ್ತಿದರೆ ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವವರೆಗೆ ಗೇರ್ ಅನ್ನೋದು ಇದೆ ಅಂತಲೇ ನೆನಪಾಗಲ್ಲ.

ಮತ್ತೆ ತಗೊಳ್ಳೋದಾದರೆ ಇದನ್ನೇ ತಗೋತೀರಾ ಅಂತ ಭಾವ ಕೇಳಿದರು. ಇಲ್ಲ ಅಂದೆ. ಊರೊಳಗಿನ ಓಡಾಟವೇ ಜಾಸ್ತಿ ಇರುವವರಿಗೆ ಟಾರ್ಕ್ ಕನ್ವರ್ಟರ್ ಅನ್ನೋ ಇನ್ನೊಂದು ಜಾತಿಯ ಆಟೊಮ್ಯಾಟಿಕ್ ವಾಸಿ. ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಇರುತ್ತದೆ, ತೆವಳಿದರೂ ಉಜ್ಜಿಕೊಳ್ಳುವ ಪ್ಲೇಟಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯಬಹುದು. ಮೆಟ್ಟಿಲು ಮೆಟ್ಟಿಲಾಗಿ ಗೇರ್ ಬದಲಾಗದ ಸಿವಿಟಿಯೂ ಮೆತ್ತಗೆ ಹೋಗುತ್ತದೆ, ಜೋರಾಗಿ ಒತ್ತಿದರೆ ಮಾತ್ರ ಸದ್ದು ಮೊದಲು, ವೇಗ ಆಮೇಲೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ ಅಗ್ಗ, ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ನಮ್ಮ ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಗೇರ್ ಬದಲಾಗುವಾಗ ತಲೆ ಆಡಿಸುತ್ತದೆ. ಭಾವ ಎಲ್ಲಾ ಕೇಳಿ, ಕೊನೆಗೆ ನನ್ನ ಕಾರಿನದೇ ಬಣ್ಣ ಚೆನ್ನಾಗಿದೆ ಅಂದರು.

ಈಗ ಮೀಟರ್ 16,200 ತೋರಿಸುತ್ತಿದೆ. ವಾರಂಟಿ ಇನ್ನೂ ಎರಡು ವರ್ಷ ಮುಂದಕ್ಕೆ ಹಾಕಿಸಿಕೊಳ್ಳಿ ಅಂತ ಶೋರೂಮಿನಿಂದ ವಾರಕ್ಕೊಂದು ಫೋನ್. ಅದರಲ್ಲಿ ಕ್ಲಚ್ಚು ಸೇರುತ್ತೋ ಇಲ್ವೋ ಅಂತ ಬರೆದು ಕಳಿಸಪ್ಪಾ, ದುಡ್ಡು ಕಟ್ಟುತ್ತೇನೆ ಅಂದಿದ್ದೇನೆ. ಫೋನ್ ಬರುತ್ತಲೇ ಇದೆ, ಬರೆದದ್ದು ಇನ್ನೂ ಬಂದಿಲ್ಲ.