ಅಂಬರಿನೊಳಗಿನ ಚೇಳಿಗೆ ಹೆಸರಿಡುವುದು ಹೇಗೆ?

ಅಮೀನಗಡದ ಕರದಂಟಿಗೆ ಹಾಕುವ ಅಂಟು ಗೊತ್ತಲ್ವಾ? ಹಸಿಯಾಗಿ ನೀರಿಗೆ ಹಾಕಿದರೆ ಅದು ಉಬ್ಬಿ ಕರಗುತ್ತದೆ. ಕಾಲ ಕಳೆದಂತೆ ಕಲ್ಲಿನಂತೆ ಗಟ್ಟಿಯಾಗಿ ಅಂಬರ್ ಆಗುವುದು ಅಂಥ ಅಂಟಲ್ಲ, ನೀರಿನಲ್ಲಿ ಕರಗದ ಮರದ ರಾಳ. ಅದರಲ್ಲಿ ಸಿಕ್ಕಿಕೊಂಡ ಚೇಳು ಕೋಟಿಗಟ್ಟಲೆ ವರ್ಷ ಹಾಗೇ ಉಳಿಯಬಲ್ಲದು. ಮ್ಯಾನ್ಮಾರ್‌ನ ಕಾಚಿನ್ ಪ್ರಾಂತ್ಯದ ಅಂಬರಿಗೆ ಸುಮಾರು 9.9 ಕೋಟಿ ವರ್ಷ. ನಮ್ಮ ಕಲಾದಗಿ ಕಡೆಯ ಬಂಡೆಗಳಲ್ಲಿ ಅಂಬರ್ ಹುಡುಕಬೇಡಿ. ಅವು ಭೂಮಿಯ ಮೇಲೆ ಮರಗಳೇ ಇಲ್ಲದ ಕಾಲದವು.

‘ಸರ್, ಈ ಚೇಳು ಹೊಸಾ ಜಾತಿ ಅಂತ ಹೆಂಗ ಹೇಳೋದ್ರಿ?’ ಎಂದು ಬಾಗಲಕೋಟೆಯ ನನ್ನ ಬಿ.ಎಸ್ಸಿ. ಮಕ್ಕಳು ಕೇಳುತ್ತಾರೆ. ಅವರಿಗಾಗಿ ಈ ಬರಹ.

ಮೊದಲು ತುಣುಕು ಅಸಲಿಯೇ ನೋಡಿ. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಕೆಲವು ಪ್ಲಾಸ್ಟಿಕ್ಕೂ ತೇಲುತ್ತದೆ, ಆದ್ದರಿಂದ ಇದೊಂದೇ ಸಾಲದು. ಚೇಳಿನಿಂದ ದೂರದ ಮೂಲೆಗೆ ಒಂದು ಹನಿ ಅಸಿಟೋನ್ ಬಿಡಿ. ಅಂಟಂಟಾದರೆ ಅದು ಇನ್ನೂ ಮಾಗದ ರಾಳ. ತುಣುಕು ಎಲ್ಲಿಂದ, ಯಾವಾಗ ಬಂತು ಎಂಬ ಕಾಗದಪತ್ರವೂ ಬೇಕು. ಕಾಚಿನ್ ಗಣಿಗಳ ಸುತ್ತ ಯುದ್ಧ ನಡೆದಿದೆ, ಜನ ಸತ್ತಿದ್ದಾರೆ. ಇದನ್ನು ಕಡೆಗಣಿಸಿ ಕೆಲಸ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಆಮೇಲೆ ನುಣುಪಾದ ಉಜ್ಜುಕಾಗದವನ್ನು ನೀರಲ್ಲಿ ಅದ್ದಿ ಬೆನ್ನಿನ ಕಡೆ, ಹೊಟ್ಟೆಯ ಕಡೆ ಮೆಲ್ಲಗೆ ಉಜ್ಜಿ ಹೊಳಪು ಕೊಡಿ. ಚೇಳಿನ ಹತ್ತಿರಕ್ಕೆ ಹೋಗಬೇಡಿ. ಒಂದು ಹನಿ ಗ್ಲಿಸರಿನ್ ಹಾಕಿ ಮೇಲೆ ತೆಳು ಗಾಜು ಮುಚ್ಚಿದರೆ ಗೀರುಗಳು ಮಾಯವಾಗುತ್ತವೆ.

ನಿಜವಾದ ಕೆಲಸ ಇಲ್ಲಿಂದ ಶುರು. ಎಣಿಸಬೇಕು. ಚೇಳಿನ ಇಕ್ಕಳದಂಥ ಎರಡು ಮುಂಗೈಗಳ ಮೇಲೆ ಗಾಳಿಯ ಅಲುಗಾಟ ತಿಳಿಯುವ ಸಣ್ಣ ಕೂದಲುಗಳಿವೆ. ಫ್ರಾನ್ಸಿನ ಚೇಳುತಜ್ಞ ಮ್ಯಾಕ್ಸ್ ವಾಶೋನ್ 1970ರ ದಶಕದಲ್ಲಿ ಇವುಗಳ ಜೋಡಣೆಯನ್ನು ಬಗೆಗಳಾಗಿ ವಿಂಗಡಿಸಿದರು. ಒಂದು ಬಗೆಯಲ್ಲಿ ಪ್ರತಿ ಕೈಗೆ ಮೂಲತಃ 39, ಇನ್ನೊಂದರಲ್ಲಿ 48. ಕೂದಲು ಉದುರಿದ್ದರೂ ಅದು ನಿಂತಿದ್ದ ಬಟ್ಟಲಿನಂಥ ಗುಳಿ ಉಳಿದಿರುತ್ತದೆ. ಗುಳಿಯನ್ನೇ ಎಣಿಸಿ. ಹೊಟ್ಟೆಯ ಅಡಿಯಲ್ಲಿರುವ ಬಾಚಣಿಗೆಯಂಥ ಅಂಗದ ಹಲ್ಲುಗಳನ್ನೂ ಎಣಿಸಿ. ಒಂದೇ ದಿನದಲ್ಲಿ ಮುಗಿಸಬೇಡಿ. ಮರುದಿನ ಹಳೆಯ ಲೆಕ್ಕ ನೋಡದೆ ಮತ್ತೆ ಎಣಿಸಿ.

ಅಳತೆಗಿಂತ ಈ ಎಣಿಕೆಗೇ ಬೆಲೆ ಜಾಸ್ತಿ, ಏಕೆಂದರೆ ಅಂಬರಿನಲ್ಲಿ ಸಿಗುವ ಎಷ್ಟೋ ಚೇಳುಗಳು ಮರಿಗಳು. ಪೊರೆ ಬಿಟ್ಟು ಬೆಳೆದಂತೆ ಮೈಗಾತ್ರ, ಬಾಲದ ಏಣುಗಳು ಬದಲಾಗುತ್ತವೆ. ಬಾಚಣಿಗೆಯ ಹಲ್ಲುಗಳ ಸಂಖ್ಯೆ ಮಾತ್ರ ಹುಟ್ಟಿದಾಗ ಎಷ್ಟೋ ಅಷ್ಟೇ. ಆದರೆ ಗಂಡಿಗೆ ಹೆಣ್ಣಿಗಿಂತ ಹಲ್ಲು ಸಾಮಾನ್ಯವಾಗಿ ಜಾಸ್ತಿ. ಇದನ್ನು ಮರೆತರೆ ಒಂದೇ ಜಾತಿಯ ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟುಬಿಡುತ್ತೀರಿ! ಕಾಲೇಜಿನ ಸ್ಪಿರಿಟ್ ಬಾಟಲಿಯಲ್ಲಿರುವ ನಮ್ಮ ಹೊಲದ ಚೇಳಿನ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ.

ಈಗ ಹಳೆಯ ವಿವರಣೆಗಳನ್ನೆಲ್ಲ ಪಕ್ಕಕ್ಕಿಟ್ಟು ಹೋಲಿಸಿ. ಯಾವುದಕ್ಕೂ ಹೊಂದದಿದ್ದರೆ ಮಾತ್ರ ಎರಡು ಪದದ ಹೆಸರು ಕೊಡಿ: ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಬೇರೆಯಾಗಿಸುವ ಲಕ್ಷಣಗಳನ್ನು ನಾಲ್ಕೈದು ಸಾಲಿನಲ್ಲಿ ಬರೆಯಿರಿ. ಈ ತುಣುಕೇ ಹೆಸರಿನ ಆಧಾರ ಮಾದರಿ. ಯಾರಾದರೂ ಬಂದು ನೋಡಬಹುದಾದ ಸಂಗ್ರಹಾಲಯಕ್ಕೆ ಅದನ್ನು ಕೊಟ್ಟು ಸಂಖ್ಯೆ ಪಡೆಯಿರಿ. ಆನ್‌ಲೈನ್ ಪತ್ರಿಕೆಯಲ್ಲಷ್ಟೇ ಪ್ರಕಟವಾಗುವುದಾದರೆ ಅದಕ್ಕೂ ಮೊದಲು ಲೇಖನ ಝೂಬ್ಯಾಂಕ್‌ನಲ್ಲಿ, ಅಂದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಲ್ಲಿ, ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆ ಲೇಖನದಲ್ಲೇ ಅಚ್ಚಾಗಿರಲಿ.