ಎರಡು ಕಾಲಂನಲ್ಲಿ ಒಬ್ಬ ವಲಸಿಗ ರಾಜಕಾರಣಿ

ಪಂಜಾಬಿನಿಂದ ವಲಸೆ ಹೋಗಿ ಅಮೆರಿಕದ ಸಂಸತ್ತಿಗೆ ಗೆದ್ದ ದಲೀಪ್ ಸಿಂಗ್ ಸೌಂದ್ ಅವರ ರಾಜಕೀಯ ಬದುಕನ್ನು ಬರೆಯಲು ಕೂತಾಗ ನಾನು ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಕಾನೂನು, ಬಲಕ್ಕೆ ಮನುಷ್ಯ. ವಲಸಿಗರ ವಿಷಯದಲ್ಲಿ ಎಡಗಡೆ ತುಂಬದೆ ಬಲಗಡೆಯದು ಅರ್ಥವಾಗುವುದಿಲ್ಲ.

ಬಲಗಡೆ: 1920ರಲ್ಲಿ ಪಂಜಾಬಿನಿಂದ ಅಮೆರಿಕಕ್ಕೆ, 1924ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಗಣಿತದ ಪಿಎಚ್.ಡಿ., ಆಮೇಲೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ. ಚುನಾವಣೆಯ ಸುದ್ದಿಯೇ ಇಲ್ಲದ ಇಪ್ಪತ್ತೈದು ವರ್ಷ. ಕಾರಣ ಎಡಗಡೆ ಇದೆ: ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 1923ರ ಥಿಂಡ್ ತೀರ್ಪು, ಅಂಥವರು ಜಮೀನು ಕೊಳ್ಳುವಂತಿಲ್ಲ ಎಂದ ಕ್ಯಾಲಿಫೋರ್ನಿಯಾದ ಕಾನೂನು. ಬಾಗಿಲು ತೆರೆದದ್ದು ಭಾರತೀಯರಿಗೆ ಪೌರತ್ವ ಪಡೆಯಲು ಅವಕಾಶ ಕೊಟ್ಟ 1946ರ ಜುಲೈ 2ರ ಲ್ಯೂಸ್–ಸೆಲ್ಲರ್ ಕಾಯ್ದೆ. ಸೌಂದ್ ಪೌರರಾದದ್ದು 1949ರ ಡಿಸೆಂಬರ್ 16ರಂದು.

ಈ ತಾರೀಖಿಗೆ ಕೆಂಪು ಗೆರೆ ಹಾಕಿಕೊಳ್ಳಿ. ಮುಂದಿನದೆಲ್ಲ ಇದರ ಲೆಕ್ಕ. 1950ರ ನವೆಂಬರಿನಲ್ಲಿ ವೆಸ್ಟ್‌ಮೋರ್ಲೆಂಡ್ ಊರಿನ ನ್ಯಾಯಾಧೀಶರ ಹುದ್ದೆಗೆ ಗೆದ್ದರು. ಪೌರತ್ವಕ್ಕೆ ಹನ್ನೊಂದು ತಿಂಗಳೂ ತುಂಬಿರಲಿಲ್ಲ, ಬೇಕಿದ್ದದ್ದು ಒಂದು ವರ್ಷ. ಹುದ್ದೆ ಕೈತಪ್ಪಿತು. 1952ರಲ್ಲಿ ಮತ್ತೆ ನಿಂತು ಗೆದ್ದರು. ಅಮೆರಿಕದ ಸಂಸತ್ತಿನ ಕೆಳಮನೆಗೆ ಏಳು ವರ್ಷದ ಪೌರತ್ವ ಬೇಕು. 1956ರ ನವೆಂಬರಿನಲ್ಲಿ, ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿದ ದಿನ, ಏಳು ತುಂಬಿರಲಿಲ್ಲ. 1957ರ ಜನವರಿ 3ರಂದು ಹೊಸ ಸದನ ಕೂಡುವ ಹೊತ್ತಿಗೆ ತುಂಬಿ 18 ದಿನವಾಗಿತ್ತು. ಗೆದ್ದ ವರ್ಷ, ಕೂತ ವರ್ಷ ಎರಡನ್ನೂ ಬೇರೆಬೇರೆ ಬರೆದಿಟ್ಟುಕೊಳ್ಳದಿದ್ದರೆ ಈ ಸಂಗತಿ ಕಣ್ಣಿಗೇ ಬೀಳುವುದಿಲ್ಲ.

ಹೆಚ್ಚು ತಪ್ಪಾಗುವುದು ಪದಗಳಲ್ಲಿ. ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್. ಆದರೆ ‘ಕಾಂಗ್ರೆಸ್ ಸದಸ್ಯ’ ಎಂದರೆ ನಮ್ಮ ಓದುಗರಿಗೆ ಪಕ್ಷ ನೆನಪಾಗುತ್ತದೆ. ಸೌಂದ್ ಡೆಮಾಕ್ರಟಿಕ್ ಪಕ್ಷದವರು. ಅದಕ್ಕೇ ನಾನು ‘ಕೆಳಮನೆ ಸದಸ್ಯ’ ಎನ್ನುತ್ತೇನೆ. ಸಣ್ಣ ಊರಿನ ಕೋರ್ಟಿನವರನ್ನು ‘ನ್ಯಾಯಮೂರ್ತಿ’ ಎಂದರೆ ಹೈಕೋರ್ಟಿಗೇ ಏರಿಸಿದಂತೆ. ಸೌಂದ್ ಗೆದ್ದ ‘29ನೇ ಡಿಸ್ಟ್ರಿಕ್ಟ್’ ಜಿಲ್ಲೆಯಲ್ಲ, ಚುನಾವಣಾ ಕ್ಷೇತ್ರ. ರಿವರ್‌ಸೈಡ್, ಇಂಪೀರಿಯಲ್ ಎಂಬ ಎರಡು ಕೌಂಟಿ (ನಮ್ಮ ಜಿಲ್ಲೆಯಂಥವು) ಅದರಲ್ಲಿದ್ದವು.

ರಾಜ್ಯಮಟ್ಟದವರಾದರೆ ಇನ್ನೂ ಜಾಗ್ರತೆ ಬೇಕು. ಚೀನಾದಲ್ಲಿ ಹುಟ್ಟಿದ ವಿಂಗ್ ಆಂಗ್ 1946ರಲ್ಲಿ ಗೆದ್ದದ್ದು ಅರಿಜೋನಾ ವಿಧಾನಮಂಡಲದ ಕೆಳಮನೆಗೆ. ಮುಂದೆ ಅಲ್ಲಿನ ಮೇಲ್ಮನೆಯಾದ ಸೆನೆಟಿಗೂ ಹೋದರು. ಬರೀ ‘ಸೆನೆಟರ್’ ಎಂದರೆ ಓದುಗರು ವಾಷಿಂಗ್ಟನ್ ಎಂದುಕೊಳ್ಳುತ್ತಾರೆ. ರಾಜ್ಯದ ಹೆಸರು ಪ್ರತಿ ಸಲವೂ ಬರಬೇಕು.

ಸೌಂದ್ 1960ರಲ್ಲಿ ಆತ್ಮಕಥೆ ಪ್ರಕಟಿಸಿದರು. ಅದನ್ನು ನಾನು ಕೊನೆಗೆ ಓದಿದ್ದು ಬೇಕೆಂದೇ. ತಾರೀಖುಗಳನ್ನು ಮೊದಲು ಸದನದ ದಾಖಲೆ, ಆ ಕಾಲದ ಪತ್ರಿಕೆಗಳಿಂದ ಹಾಳೆಗೆ ಇಳಿಸಿಕೊಂಡಿದ್ದರೆ, ಅವರ ಮಾತು ಯಾವ ವರ್ಷದ್ದು ಎಂದು ತಟ್ಟನೆ ಗೊತ್ತಾಗುತ್ತದೆ. 1962ರ ಪಾರ್ಶ್ವವಾಯು, ಅದೇ ವರ್ಷದ ಸೋಲು ಆ ಪುಸ್ತಕದಲ್ಲಿ ಇರಲಾರವು. ಅವಕ್ಕೆ ಮತ್ತೆ ಪತ್ರಿಕೆಗಳನ್ನೇ ತೆರೆಯಬೇಕು.